ಚಳಿಗಾಲ, ಕೌದಿ ಮತ್ತು ನಮ್ಮ ಮನಸ್ಸು
(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ)

ಚಳಿಗಾಲ ಬಂದಿತೆಂದರೆ ನಮ್ಮ ವಸತಿಗೃಹದ ಕೋಣೆಗಳಲ್ಲಿ ಒಂದು ಬಗೆಯ ಮೌನವು ನೆಲೆಸುತ್ತದೆ. ಮುಂಜಾನೆ ಎಂಟು ಹೊಡೆದರೂ ಕಿಟಕಿ ತೆರೆಯುವದಿಲ್ಲ. ಮುಸುಕಿನೊಳಗೆ ಮೊಬೈಲಿನ ಬೆಳಕು, ಹೊರಗೆ ಹಾಳಾಗಿ ಹೋಗುವ ಬಿಸಿಲು. ಓದಲು ಮನಸ್ಸಿಲ್ಲ, ಉಣ್ಣಲು ರುಚಿಯಿಲ್ಲ. “ಥಂಡಿಯ ದಿನವೇ ಹೀಗೆ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾಗುತ್ತೇವೆ. ಈ ಬೇಸರವನ್ನು ಕಳೆಯಲು ಹಣ ಬೇಕು, ಪ್ರವಾಸ ಬೇಕು, ಹೊಸ ಅರಿವೆ ಬೇಕು ಎಂದು ಹಲವರ ನಂಬಿಕೆ. ನನ್ನ ಅಭಿಪ್ರಾಯವು ಬೇರೆ. ಅದನ್ನು ವಾಚಕರ ಮುಂದಿಡುವ ಸಾಹಸವನ್ನು ಮಾಡುತ್ತೇನೆ.

ಮೊದಲು ಸೂರ್ಯನ ಲೆಕ್ಕವನ್ನು ನೋಡೋಣ. ಡಿಸೆಂಬರ ಕೊನೆಯ ವಾರದಲ್ಲಿ ಲಂಡನ್ ನಗರದ ಹಗಲು 8 ತಾಸಿಗೂ ಕಡಿಮೆ. ಅಂಥ ಉತ್ತರದ ದೇಶಗಳಲ್ಲಿ ಬೆಳಕಿನ ಕೊರತೆಯಿಂದ ಮನಸ್ಸು ಕುಗ್ಗುವ ಬೇನೆಯೊಂದುಂಟು. ಅದನ್ನು 1984ರಲ್ಲಿ ಅಮೇರಿಕೆಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು ಹೆಸರಿಟ್ಟು ವರ್ಣಿಸಿದರು. ಅಲ್ಲಿಯ ಜನ ಬೆಳಕಿಗಾಗಿ ದೀಪದ ಪೆಟ್ಟಿಗೆಯನ್ನು ಕೊಂಡು ಅದರ ಮುಂದೆ ಕೂಡ್ರುತ್ತಾರೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿಯೋ, ಅತಿ ಚಿಕ್ಕ ಹಗಲೂ ಸುಮಾರು 11 ತಾಸಿನದು! ಆಕಾಶವು ನಿರ್ಮಲ. ಅವರು ಹಣ ಕೊಟ್ಟು ಕೊಳ್ಳುವದನ್ನು ನಮಗೆ ಸೂರ್ಯನಾರಾಯಣನು ಪುಕ್ಕಟೆ ಕೊಡುತ್ತಾನೆ. ನಾವು ಕಿಟಕಿ ಮುಚ್ಚಿ ಮಲಗಿದ್ದೇವೆ. ಮುಂಜಾವಿನ ಬೆಳಕು ನಮ್ಮೊಳಗಿನ ನಿದ್ದೆ-ಎಚ್ಚರಗಳ ಗಡಿಯಾರವನ್ನು ಸರಿಮಾಡುತ್ತದೆಂದು ವಿಜ್ಞಾನವು ಹೇಳುತ್ತದೆ. ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳೂ ಹೇಳುವದು ಅದನ್ನೇ: “ಮಾರಿ ಯಾಕ ಸಪ್ಪಗ ಮಾಡೀಯೋ? ಏಳು, ಬಿಸಲಾಗ ನಾಕ ಹೆಜ್ಜಿ ಅಡ್ಡ್ಯಾಡಿ ಬಾ.”

ಹಾಗಾದರೆ ನಮ್ಮ ಬೇಸರಕ್ಕೆ ಬೆಳಕಿನ ಕೊರತೆಯು ಕಾರಣವಲ್ಲ. ಮತ್ತೇನು? ನನ್ನದೇ ಒಂದು ಸಂಗತಿಯನ್ನು ಹೇಳುತ್ತೇನೆ.

ನಾನು ಮೊದಲ ವರ್ಷಕ್ಕೆ ಬರುವಾಗ ಆಯಿ ನನಗೊಂದು ಕೌದಿ ಕಟ್ಟಿಕೊಟ್ಟಳು. ವಸತಿಗೃಹದ ಗೆಳೆಯರ ಮಂಚಗಳ ಮೇಲೆ ಬಣ್ಣಬಣ್ಣದ ಪಾಲಿಯೆಸ್ಟರ್ ರಗ್ಗುಗಳನ್ನು ಕಂಡು ನನಗೆ ನಾಚಿಕೆಯಾಯಿತು. ಕೌದಿಯನ್ನು ಟ್ರಂಕಿನ ತಳದಲ್ಲಿ ಹುದುಗಿಸಿದೆನು. ಕಬ್ಬು ಕಡಿಯಲು ಹೋದ ಅಪ್ಪ ಪುಸ್ತಕಕ್ಕೆಂದು ಕಳಿಸಿದ ಹಣದಲ್ಲಿ 700 ರೂಪಾಯಿ ಕೊಟ್ಟು ರಗ್ಗು ಕೊಂಡೆನು. ರಗ್ಗು ಬೆಚ್ಚಗಿತ್ತು; ಮನಸ್ಸು ಬೆಚ್ಚಗಾಗಲಿಲ್ಲ.

ಇಂಡಿ, ಸಿಂದಗಿಗಳ ಕಡೆಯಿಂದ ಕಬ್ಬಿನ ಹಂಗಾಮಿಗೆ ಗುಳೆ ಹೋಗುವ ಸಂಸಾರಗಳು ಬಹಳ. ಆ ವರ್ಷ ಅವ್ವನೂ ಆಯಿಯೂ ಅಪ್ಪನ ಸಂಗಡವೇ ಹೋಗಿದ್ದರು. ಎಳ್ಳ ಅಮವಾಸ್ಯೆಗೆ ಗೆಳೆಯರೆಲ್ಲ ಊರಿಗೆ ಹೊರಟರು. ನಾನೆಲ್ಲಿಗೆ ಹೋಗಲಿ? ನಮ್ಮ ಮನೆಗೆ ಬೀಗ. “ಓದುವದಿದೆ” ಎಂದು ಸುಳ್ಳು ಹೇಳಿ ಗೋಡೆಯ ಕಡೆ ಮುಖಮಾಡಿ ಮಲಗಿದೆನು. ಮುದ್ದೇಬಿಹಾಳ ಕಡೆಯ ಗೆಳೆಯನೊಬ್ಬನು ಅದನ್ನು ನಂಬಲಿಲ್ಲ. ಕೈ ಹಿಡಿದು ಎಬ್ಬಿಸಿ ತನ್ನ ಹೊಲಕ್ಕೆ ಕರೆದೊಯ್ದನು.

ಆ ದಿನವನ್ನು ನಾನು ಮರೆಯಲಾರೆ. ಕರಿಯ ಎರೆಯ ಮೇಲೆ ಬಿಳಿಜೋಳ ತಲೆದೂಗುತ್ತಿತ್ತು. ಕಡಲೆಯ ಗಿಡದಲ್ಲಿ ಹಸಿಯ ಸುಲಗಾಯಿ. ಮನೆಮಂದಿಯೆಲ್ಲ ಭೂತಾಯಿಯನ್ನು ಪೂಜಿಸಿ, ಬೆಳೆಯಲ್ಲಿ ಚರಗ ಚೆಲ್ಲಿ, ಬಳಿಕ ಬದುವಿನ ಮೇಲೆ ಸಾಲಾಗಿ ಕುಳಿತರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಗೆಳೆಯನ ಅವ್ವ “ನೀನೂ ನನ್ನ ಮಗನ ಹಂಗ, ಉಣ್ಣೋ” ಎಂದು ಮತ್ತೊಂದು ರೊಟ್ಟಿ ಹಾಕಿದಳು. ನನ್ನ ಎದೆಯ ಭಾರವು ಅಲ್ಲಿಯೇ ಇಳಿಯಿತು. ತಿರುಗಿ ಬಂದ ರಾತ್ರಿ ಟ್ರಂಕು ತೆರೆದೆನು. ಕೌದಿಯಲ್ಲಿ ಆಯಿಯ ಇಳಕಲ್ ಸೀರೆಯಿತ್ತು, ಅಪ್ಪನ ಧೋತರವಿತ್ತು, ನನ್ನ ಕನ್ನಡ ಶಾಲೆಯ ಅಂಗಿಯ ತುಂಡೂ ಇತ್ತು. ಇಡೀ ಮನೆಯೇ ಅದರೊಳಗಿತ್ತು!

ಆದುದರಿಂದ ನಾನು ಹೇಳುವದಿಷ್ಟು: ನಮ್ಮ ಚಳಿಗಾಲದ ಬೇಸರಕ್ಕೆ ಕಾರಣವು ಚಳಿಯಲ್ಲ, ಒಂಟಿತನ, ಅದರ ಬೆನ್ನಿಗೆ ನಿಂತ ನಾಚಿಕೆ. ಔಷಧಿಗಳು ನಮ್ಮ ಕೈಯಲ್ಲಿಯೇ ಇವೆ. ಮುಂಜಾನೆ ಅರ್ಧ ತಾಸು ಬಿಸಿಲಿನಲ್ಲಿ ಗೆಳೆಯನೊಡನೆ ನಡೆಯುವದು. ಹಳೆಯ ನೂಲಿನ ಅರಿವೆಯನ್ನು ಎಸೆಯದೆ ಕೌದಿ ಕಟ್ಟಿಸುವದು; ಪಾಲಿಯೆಸ್ಟರ್ ಹುಟ್ಟುವದು ಕಲ್ಲೆಣ್ಣೆಯಿಂದ, ಒಗೆದಾಗಲೆಲ್ಲ ಅದರ ಸಣ್ಣ ಎಳೆಗಳು ನೀರು ಸೇರುತ್ತವೆ. ಕೂಡಿ ಹಾಡುವದು ಮತ್ತೊಂದು. ಹಿಂದೆ ನಸುಕಿನ ಥಂಡಿಯಲ್ಲಿ ನಮ್ಮ ತಾಯಂದಿರು ಬೀಸುವಾಗ ಹಾಡುತ್ತಿದ್ದರು. ಆ ಹಾಡುಗಳನ್ನು ನಮ್ಮ ಸೀಮೆಯವರೇ ಆದ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಹಾಡು ದುಡಿಮೆಯ ಭಾರವನ್ನು ಹಗುರ ಮಾಡೀತಾದರೆ ಓದಿನ ಭಾರವನ್ನು ಮಾಡಲಾರದೇ?

ಬೆಂಕಿ ಕಾಯಿಸುವವರಿಗೆ ಒಂದು ಮಾತು. ಟಾಯರು, ಪ್ಲಾಸ್ಟಿಕ್ಕುಗಳನ್ನು ಸುಡಬಾರದು. ಥಂಡಿಯಲ್ಲಿ ಹೊಗೆಯು ಮೇಲೇರದೆ ನೆಲದ ಹತ್ತಿರವೇ ನಿಂತು ವಿಷವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಲಿಯ ಶೆಗಡಿಯನ್ನಂತೂ ಇಡಲೇಬಾರದು. ಅದರಿಂದ ಹೊರಡುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನು ಏಳುವದಿಲ್ಲ.

ಇವೆಲ್ಲದರಿಂದಲೂ ಬೇಸರ ನೀಗುವದೆಂದು ನಾನು ಹೇಳುವದಿಲ್ಲ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ, ಬದುಕೇ ಬೇಡವೆನಿಸಿದರೆ, ಅದು ಬೇನೆ. ವೈದ್ಯರ ಹತ್ತಿರ ಹೋಗಬೇಕು. 2022ರಲ್ಲಿ ಸರಕಾರವು ಪ್ರಾರಂಭಿಸಿದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಖರ್ಚಿಲ್ಲದೆ ಮಾತಾಡಬಹುದು. ಇದರಲ್ಲಿಯೂ ನಾಚಿಕೆ ಬೇಡ. ಅದೇ ರೀತಿ, ಕಬ್ಬಿನ ಗದ್ದೆಯ ಜೋಪಡಿಯಲ್ಲಿ ನಡುಗುವ ಅಪ್ಪನಿಗೆ “ಬಿಸಿಲು ಕಾಯಿಸಿರಿ, ಸಂತೋಷವಾಗಿರಿ” ಎಂದು ನಾನು ಉಪದೇಶಿಸಲಾರೆ. ಅವನಿಗೆ ಬೇಕಾದುದು ಊರಿನಲ್ಲಿಯೇ ಕೆಲಸ. ಆ ದಿನ ಬರುವವರೆಗೆ ವಾರಕ್ಕೊಮ್ಮೆಯಾದರೂ ಅವನ ದನಿ ಕೇಳುವದು ನನ್ನ ಕರ್ತವ್ಯ.

ಬಸವನ ಬಾಗೇವಾಡಿಯು ಬಸವಣ್ಣನವರು ಹುಟ್ಟಿದ ನೆಲ. ದಾಸೋಹವೆಂಬ ಮಾತು ನಮಗೆ ಹೊಸದಲ್ಲ. ವಿದ್ಯಾರ್ಥಿ ಬಾಂಧವರೇ, ಒಂದು ನಿಯಮ ಮಾಡಿಕೊಳ್ಳೋಣ. ಬರುವ ಎಳ್ಳ ಅಮವಾಸ್ಯೆಗೆ ಮನೆಗೆ ಬೀಗವಿರುವ ಒಬ್ಬ ಗೆಳೆಯನೂ ವಸತಿಗೃಹದಲ್ಲಿ ಉಳಿಯಬಾರದು. ಹೊಲವಿದ್ದವರು ಕರೆಯಿರಿ, ಕರೆದರೆ ನಾಚದೆ ಹೋಗಿರಿ. ಇದಕ್ಕೆ ತಗಲುವ ಖರ್ಚು ಬಸ್ಸಿನ ಚೀಟಿ, ಮತ್ತೊಂದು ರೊಟ್ಟಿ. ಅಷ್ಟೇ.