ತೊಟ್ಟಿಯ ತಳದ ಜಲ್ಲಿ

ತೊಟ್ಟಿಯಲ್ಲಿ ಕಾಯಿಪಲ್ಲೆ ಬೆಳೆಸುವವರು ಮಣ್ಣು ತುಂಬುವ ಮೊದಲು ತಳದಲ್ಲಿ ಎರಡಂಗುಲ ಜಲ್ಲಿಯನ್ನೋ ಒಡೆದ ಹೆಂಚಿನ ಚೂರುಗಳನ್ನೋ ಹರಡುವುದು ವಾಡಿಕೆ. ಹೆಚ್ಚಾದ ನೀರು ಸರಾಗವಾಗಿ ಬಸಿದುಹೋಗಲೆಂಬುದು ಅದರ ಉದ್ದೇಶ. ಈ ವಾಡಿಕೆಯನ್ನು ಕೈಬಿಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಜಲ್ಲಿಯ ಪದರವು ನೀರನ್ನು ಬಸಿಯುವುದಕ್ಕೆ ಬದಲಾಗಿ ನಿಂತ ನೀರನ್ನು ಬೇರುಗಳ ಸಮೀಪಕ್ಕೆ ಎತ್ತಿಡುತ್ತದೆ. ಇದನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಈ ತಪ್ಪು ಅಷ್ಟಾಗಿ ಬಾಧಿಸದು. ಅಲ್ಲಿ ತೊಟ್ಟಿಯಲ್ಲಿ ಉಳಿದ ನೀರೇ ಭಾಗ್ಯ. ಆದರೆ ದಾಂಡೇಲಿಯ ಬಳಿಯ ಕುಳಗಿಯಂತಹ ಊರಿನ ಮಾತೇ ಬೇರೆ. ಸುತ್ತಲೂ ಕಾಡು. 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯಲ್ಪಡುವ ಈ ಅರಣ್ಯದ ಅಂಚಿನಲ್ಲಿ ಹಿತ್ತಲ ಬೆಳೆಯೆಂದರೆ ಹಂದಿಗೆ ಹಾಗೂ ಮಂಗಗಳಿಗೆ ಔತಣ. ಆದುದರಿಂದ ಜಗಲಿಯ ಪಕ್ಕದಲ್ಲಿ, ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಹುದಾದ ತೊಟ್ಟಿ ಇಂತಹ ಕಡೆ ಬಹಳ ಉಪಯುಕ್ತ. ಹಳೆಯ ಮರಿಗೆಯಾಗಲಿ, ದನದ ಬಾನಿಯಾಗಲಿ, ಅಂಗಡಿಯ ಪ್ಲಾಸ್ಟಿಕ್ ತೊಟ್ಟಿಯಾಗಲಿ, ನಮ್ಮ ವಾದಕ್ಕೆ ಎಲ್ಲವೂ ಒಂದೇ.

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುತ್ತವೆ. ಮಳೆಯೂ ಆಗಲೇ ಹಿಡಿಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರವು ಶಾಲೆಗಳಲ್ಲಿ ಪೌಷ್ಟಿಕ ಕೈತೋಟಗಳನ್ನು ಬೆಳೆಸಲು ಮಾರ್ಗಸೂಚಿಗಳನ್ನು ಹೊರಡಿಸಿತು. ಮಲೆನಾಡಿನ ಮಕ್ಕಳು ಉತ್ಸಾಹದಿಂದ ಜೂನ್‌ನಲ್ಲಿ ಬಿತ್ತಿದ ಕೊತ್ತಂಬರಿ, ಮೂಲಂಗಿಗಳು ಜುಲೈನಲ್ಲಿ ಹಳದಿಯಾಗಿ ಕೊಳೆತರೆ, ತಮ್ಮ ಕೈಗುಣವೇ ಸರಿಯಿಲ್ಲವೆಂದು ಅವರು ಭಾವಿಸುವುದು ಸಹಜ. ಸರಿಯಿಲ್ಲದಿರುವುದು ತೊಟ್ಟಿಯ ಜೋಡಣೆ.

ಮೊದಲು ನೀರಿನ ಲೆಕ್ಕ. ಒಂದು ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ 40 ಲೀಟರು ಮಣ್ಣು ಹಿಡಿಯುತ್ತದೆ. ಹದವಾದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ಕಣಗಳ ನಡುವಣ ಸಂದುಗಳದು, ಎಂದರೆ ಸುಮಾರು 20 ಲೀಟರು. ಒಂದು ದಿನದಲ್ಲಿ 64.5ರಿಂದ 115.5 ಮಿಲಿಮೀಟರ್‌ವರೆಗೆ ಬಿದ್ದರೆ ಹವಾಮಾನ ಇಲಾಖೆಯವರು ಅದನ್ನು ಭಾರಿ ಮಳೆಯೆನ್ನುತ್ತಾರೆ. ಘಟ್ಟದ ಜನಕ್ಕೆ ಅದು ಅಪರೂಪದ ಅನುಭವವಲ್ಲ. ನೂರು ಮಿಲಿಮೀಟರ್ ಮಳೆ ನಮ್ಮ ತೊಟ್ಟಿಗೆ ಸುರಿಯುವ ನೀರು ಸರಿಯಾಗಿ 20 ಲೀಟರು. ಹೀಗೆ ಒಂದೇ ದಿನದ ಮಳೆ ಮಣ್ಣಿನ ಸಂದುಗಳನ್ನೆಲ್ಲ ತುಂಬಬಲ್ಲದು.

ತಳದಲ್ಲಿ ತೂತುಗಳಿವೆಯಲ್ಲ, ನೀರು ಹೋಗದೇ ಎಂದು ವಾಚಕರು ಕೇಳಬಹುದು. ಹೋಗುತ್ತದೆ, ಆದರೆ ಪೂರ್ತಿಯಾಗಿ ಹೋಗುವುದಿಲ್ಲ. ಸಪುರವಾದ ಗಾಜಿನ ನಳಿಕೆಯಲ್ಲಿ ನೀರು ತಾನಾಗಿ ಮೇಲೇರಿ ನಿಲ್ಲುವುದನ್ನು ಪ್ರಯೋಗಶಾಲೆಯಲ್ಲಿ ಎಲ್ಲರೂ ನೋಡಿರುತ್ತಾರೆ. ನಳಿಕೆಯ ತ್ರಿಜ್ಯ ಒಂದು ಮಿಲಿಮೀಟರ್ ಇದ್ದರೆ ಏರಿಕೆ ಸುಮಾರು ಒಂದೂವರೆ ಸೆಂಟಿಮೀಟರ್; ತ್ರಿಜ್ಯ ಅದರ ಹತ್ತನೆಯ ಒಂದು ಭಾಗವಾದರೆ ಏರಿಕೆ ಸುಮಾರು 15 ಸೆಂಟಿಮೀಟರ್. ಮಣ್ಣಿನ ಸಂದುಗಳೂ ಇಂತಹ ನಳಿಕೆಗಳೇ, ಸೊಟ್ಟಪಟ್ಟವಾದುವು ಅಷ್ಟೆ. ಮಳೆ ನಿಂತು ತೊಟ್ಟಿ ತೊಟ್ಟಿಕ್ಕುವುದೂ ನಿಂತ ಮೇಲೆ, ಕೇಶಾಕರ್ಷಣೆಯ ಬಲದಿಂದ ತಳದ ಮಣ್ಣಿನಲ್ಲಿ ಒಂದು ನಿರ್ದಿಷ್ಟ ಎತ್ತರದವರೆಗೆ ನೀರು ತುಂಬಿಯೇ ಉಳಿಯುತ್ತದೆ. ನೆಲದಲ್ಲಿ ಹೀಗಾಗದು, ಅಲ್ಲಿ ಮಣ್ಣು ಕೆಳಗೆ ಇನ್ನೂ ಮುಂದುವರಿದಿರುವುದರಿಂದ ಕೆಳಗಿನ ಮಣ್ಣು ಮೇಲಿನ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ.

ಈಗ ತಳಕ್ಕೆ 5 ಸೆಂಟಿಮೀಟರ್ ಜಲ್ಲಿ ಹಾಕೋಣ. ಸಣ್ಣ ಸಂದುಗಳಲ್ಲಿ ಬಿಗಿಯಾಗಿ ನಿಂತ ನೀರಿಗೆ ಜಲ್ಲಿಯ ದೊಡ್ಡ ಸಂದುಗಳೂ ಬರಿಯ ಗಾಳಿಯೂ ಒಂದೇ. ಮಣ್ಣು ಪೂರ್ಣ ತುಂಬಿ ತೊಟ್ಟಿಕ್ಕುವವರೆಗೆ ಅದು ಕೆಳಗಿಳಿಯದು. ತುಂಬಿದ ಪದರದ ದಪ್ಪವೇನೂ ಕಡಿಮೆಯಾಗದೆ ಅದರ ನೆಲೆ ಮಾತ್ರ 5 ಸೆಂಟಿಮೀಟರ್ ಮೇಲೇರುತ್ತದೆ. ತುಸು ಜಿಗುಟಾದ ಮಣ್ಣಿನಲ್ಲಿ ಈ ಪದರ 15 ಸೆಂಟಿಮೀಟರ್ ಇದ್ದರೆ, ಜಲ್ಲಿಯಿಲ್ಲದ ತೊಟ್ಟಿಯಲ್ಲಿ ಮೇಲಿನ 5 ಸೆಂಟಿಮೀಟರ್ ಆದರೂ ಉಸಿರಾಡುತ್ತಿತ್ತು. ಜಲ್ಲಿ ಹಾಕಿದ ಮೇಲೆ ಅದೂ ಇಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ಸಾಯುವುದು ಆಮ್ಲಜನಕದ ಕೊರತೆಯಿಂದ. ಕೊಳೆಯಿಸುವ ಶಿಲೀಂಧ್ರಗಳು ಆಮೇಲೆ ಬಂದು ಕೆಲಸ ಮುಗಿಸುತ್ತವೆ.

ಇದು ಹೊಸ ಸಂಗತಿಯೇನಲ್ಲ. ಎಡ್ಗರ್ ಬಕಿಂಗ್‌ಹ್ಯಾಮ್ ಎಂಬ ಅಮೆರಿಕದ ಭೌತವಿಜ್ಞಾನಿ ಮಣ್ಣಿನಲ್ಲಿ ನೀರಿನ ಚಲನೆಯನ್ನು ಕುರಿತು 1907ರಲ್ಲೇ ಬರೆದನು. 1959ರಲ್ಲಿ ವಾಷಿಂಗ್‌ಟನ್ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಗಾರ್ಡ್‌ನರ್ ಮತ್ತು ಸಹೋದ್ಯೋಗಿಯು ತಯಾರಿಸಿದ ಚಲನಚಿತ್ರವೊಂದರಲ್ಲಿ, ಸಣ್ಣ ಕಣಗಳ ಮಣ್ಣಿನಿಂದ ಇಳಿದು ಬಂದ ನೀರು ದಪ್ಪ ಕಣಗಳ ಪದರದ ಮೇಲೆ ತಡೆದು ನಿಲ್ಲುವುದನ್ನು ಕಣ್ಣಾರೆ ಕಾಣಬಹುದು. ಆದರೂ ಜಲ್ಲಿಯ ಉಪದೇಶ ನಿಂತಿಲ್ಲ. ಕೇಶಾಕರ್ಷಣೆಯ ಸೂತ್ರವನ್ನು ಕಂಠಪಾಠ ಮಾಡಿ ಅಂಕ ಗಳಿಸಿದವರೇ ಮನೆಗೆ ಬಂದು ತೊಟ್ಟಿಗೆ ಜಲ್ಲಿ ಸುರಿಯುತ್ತಾರೆ. ಪಾಠ ಹೇಳುವ ನಮ್ಮಂತಹವರು ಗಾಜಿನ ನಳಿಕೆಯ ಆಚೆಗೆ ಕೈತೋರುವುದು ಕಡಿಮೆ.

ಚಲನಚಿತ್ರ ಬೇಡವೆನ್ನುವವರಿಗೆ ಒಂದು ಸ್ಪಂಜು ಸಾಕು. ಇಟ್ಟಿಗೆಯಾಕಾರದ ಸ್ಪಂಜನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಹಿಂಡದೆ, ಜರಡಿಯ ಮೇಲೆ ಅಡ್ಡಲಾಗಿ ಮಲಗಿಸಿ. ಹನಿ ಪೂರ್ತಿ ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ನೋಡಿ: ಮತ್ತೆ ನೀರು ಸುರಿಯತೊಡಗುತ್ತದೆ. ಸ್ಪಂಜು ಅದೇ, ಸಂದುಗಳೂ ಅವೇ. ಎತ್ತರ ಮಾತ್ರ ಹೆಚ್ಚಿತು.

ಪರಿಹಾರಗಳೆಲ್ಲ ಈ ಸ್ಪಂಜಿನಲ್ಲಿಯೇ ಅಡಗಿವೆ. ಅಗಲವಾದ ಆಳವಿಲ್ಲದ ತೊಟ್ಟಿಗಿಂತ 30 ಸೆಂಟಿಮೀಟರ್ ಆಳದ್ದು ಮೇಲು. ಇರುವುದೇ ಗಿಡ್ಡ ತೊಟ್ಟಿಯಾದರೆ ಒಂದು ತುದಿಯ ಕೆಳಗೆ ಚಿರೇಕಲ್ಲಿನ ತುಂಡಿಟ್ಟು 10 ಸೆಂಟಿಮೀಟರ್ ಎತ್ತರಿಸಿ, ತಗ್ಗಿನ ತುದಿಯಲ್ಲಿ ತೂತು ಬರುವಂತೆ ಮಾಡಿದರೆ, ಎತ್ತರದ ತುದಿಯ ಬೇರುಗಳಿಗೆ ಗಾಳಿ ದೊರೆಯುತ್ತದೆ. ಅಂಗಳದಲ್ಲಿ ಇಡುವುದಾದರೆ ತಳವನ್ನೇ ಕತ್ತರಿಸಿ ತೆಗೆದು ನೆಲದ ಮೇಲೆ ಕೂರಿಸುವುದು ಎಲ್ಲಕ್ಕಿಂತ ಉತ್ತಮ. ಆಗ ತೊಟ್ಟಿಯ ಮಣ್ಣೂ ಭೂಮಿಯ ಮಣ್ಣೂ ಒಂದಾಗಿ ನೀರು ತಡೆಯಿಲ್ಲದೆ ಇಳಿಯುತ್ತದೆ. ಮಳೆಗಾಲದಲ್ಲಿ ಮಡಿಯನ್ನು ಏರಿಸಿ ತರಕಾರಿ ಹಾಕುವ ರೈತರು ಮಾಡುವುದೂ ಇದನ್ನೇ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಹಳಿಯಾಳ, ಮುಂಡಗೋಡ ಕಡೆಯ ಅಕ್ಕಿ ಗಿರಣಿಗಳಲ್ಲಿ ದೊರೆಯುವ ಭತ್ತದ ಹೊಟ್ಟು ಮೊದಲಾದುವನ್ನು ಧಾರಾಳವಾಗಿ ಬೆರೆಸಿದರೆ ಸಂದುಗಳು ದೊಡ್ಡದಾಗುತ್ತವೆ. ತಳದಲ್ಲಿ ಬೇರೆ ಪದರವಾಗಿ ಹಾಕಬಾರದು. ಇಡೀ ಮಣ್ಣಿನಲ್ಲಿ ಬೆರೆಯಬೇಕು.

ಜಲ್ಲಿಯ ಪಕ್ಷದವರು ತೂತು ಕಟ್ಟಿಕೊಳ್ಳುವ ಮಾತೆತ್ತುತ್ತಾರೆ. ಅದು ನಿಜವಾದ ತೊಂದರೆ. ಅದಕ್ಕೆ ತೂತಿನ ಮೇಲೆ ಒಂದೇ ಒಂದು ಹೆಂಚಿನ ಚೂರು ಅಥವಾ ಹಿಡಿ ನಾರು ಸಾಕು.

ಇದೊಂದನ್ನೂ ಮಾಡಲಾಗದವರು ಬೆಳೆಯನ್ನಾದರೂ ಬದಲಿಸಬಹುದು. ಕೆಸುವಿಗೆ ನಿಂತ ನೀರು ಬಾಧಕವಲ್ಲ. ತಂಬುಳಿಗೆ ಬೇಕಾದ ಒಂದೆಲಗಕ್ಕೆ ತೇವವೇ ಇಷ್ಟ. ಮೂಲಂಗಿ, ಕೊತ್ತಂಬರಿ, ಲೆಟ್ಯೂಸ್‌ಗಳನ್ನು ಮಳೆ ಇಳಿದ ಮೇಲೆ ಬಿತ್ತಿದರಾಯಿತು. ಇನ್ನು ಈಗಾಗಲೇ ತಂದಿಟ್ಟ ಜಲ್ಲಿಯನ್ನು ತೊಟ್ಟಿಯ ಹೊರಗೆ, ಸೂರಿನ ನೀರು ಬೀಳುವ ಸಾಲಿನಲ್ಲಿ ಹರಡಬಹುದು. ಕೆಸರು ಎಲೆಗಳಿಗೆ ಸಿಡಿಯುವುದು ತಪ್ಪುತ್ತದೆ.