ಲಕೋಟೆ ಒಡೆಯುವ ಮುನ್ನ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಈಗಲಾದರೋ ಕುಲಾವಿ ಹೊಲಿಯುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಆಸ್ಕರ್ ಚಲಚ್ಚಿತ್ರ ಪ್ರಶಸ್ತಿಗಳ ಸಮಾರಂಭವನ್ನೇ ನೋಡಿರಿ. ಅಲ್ಲಿ ಭಾನುವಾರದ ಸಂಜೆ, ನಮ್ಮಲ್ಲಿ ಸೋಮವಾರದ ನಸುಕು. ಆ ಲಕೋಟೆಗಳು ಒಡೆಯುವುದಕ್ಕೆ ತಿಂಗಳುಗಳ ಮೊದಲೇ ಯಾವ ಚಿತ್ರಕ್ಕೆ, ಯಾವ ನಟನಿಗೆ, ಯಾವ ನಿರ್ದೇಶಕನಿಗೆ ಗೆಲುವು ಎಂಬ ಊಹೆಗಳು ಲೋಕದಾದ್ಯಂತ ಹೊರಡುತ್ತವೆ. ನಮ್ಮ ಗಡಿನಾಡಿನ ಮನೆಗಳ ಹುಡುಗ ಹುಡುಗಿಯರೂ ಮೊಬೈಲಿನಲ್ಲಿ ಅವನ್ನು ಓದಿ, ತಮ್ಮದೂ ಒಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಇದನ್ನು ಕಂಡ ಹಿರಿಯರು, ಯಾರಿಗೆ ಬಂದರೆ ನಮಗೇನು, ಪಾಠ ಓದಬಾರದೆ ಎಂದು ಗದರುವುದುಂಟು. ನಾವು ಹಾಗೆ ಗದರುವ ಪಕ್ಷದವರಲ್ಲ. ಈ ಊಹೆಯ ಹಿಂದೆ ಕಲಿಯತಕ್ಕ ಲೆಕ್ಕವೊಂದಿದೆ. ಆ ಲೆಕ್ಕ ಎಲ್ಲಿ ನಿಲ್ಲುತ್ತದೆಂಬುದನ್ನೂ ಮಕ್ಕಳು ಕಲಿಯಬೇಕಾಗಿದೆ.

ಮೊದಲಿಗೆ ಊಹೆಗೆ ಎಡೆಯೇ ಇರಲಿಲ್ಲ. 1929ರ ಮೇ 16ರಂದು ಹಾಲಿವುಡ್ಡಿನ ಹೋಟೆಲೊಂದರಲ್ಲಿ ಪ್ರಥಮ ಸಮಾರಂಭ ನಡೆದಾಗ ವಿಜೇತರ ಹೆಸರುಗಳು ಮೂರು ತಿಂಗಳ ಹಿಂದೆಯೇ ಎಲ್ಲರಿಗೂ ತಿಳಿದಿದ್ದವು. ಬಳಿಕ ಹೆಸರುಗಳನ್ನು ಪತ್ರಿಕೆಗಳಿಗೆ ಮುಂಚಿತವಾಗಿ ಗುಟ್ಟಿನಲ್ಲಿ ಕೊಡುವ ಪದ್ಧತಿ ಬಂತು. 1940ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಆ ಗುಟ್ಟನ್ನು ಸಂಜೆಯ ಸಂಚಿಕೆಯಲ್ಲಿಯೇ ಅಚ್ಚು ಮಾಡಿಬಿಟ್ಟಿತು. ಅದರ ಫಲವಾಗಿ 1941ರಿಂದ ಮೊಹರು ಮಾಡಿದ ಲಕೋಟೆಯ ಕ್ರಮ ಜಾರಿಗೆ ಬಂತು. ಗುಟ್ಟು ಬಿಗಿಯಾದಂತೆ ಕುತೂಹಲವೂ ಬೆಳೆಯಿತು. ಕುತೂಹಲದ ಬೆನ್ನಿಗೆ ಊಹೆಯ ವಿದ್ಯೆಯೂ ಬೆಳೆಯಿತು.

ಈ ವಿದ್ಯೆಯ ಮೊದಲ ಸೂತ್ರವೆಂದರೆ ಮತದಾರರು ಯಾರೆಂದು ಅರಿಯುವುದು. ಆಸ್ಕರ್ ಪ್ರಶಸ್ತಿಯನ್ನು ಪ್ರೇಕ್ಷಕರು ಕೊಡುವುದಿಲ್ಲ, ವಿಮರ್ಶಕರೂ ಕೊಡುವುದಿಲ್ಲ. ಅಕಾಡೆಮಿಯ ಸುಮಾರು ಹತ್ತು ಸಾವಿರ ಸದಸ್ಯರು, ಎಂದರೆ ಚಿತ್ರರಂಗದಲ್ಲಿಯೇ ದುಡಿಯುವ ನಟರು, ನಿರ್ದೇಶಕರು, ಛಾಯಾಗ್ರಾಹಕರು, ಸಂಕಲನಕಾರರು ಮೊದಲಾದವರು ಮತ ನೀಡುತ್ತಾರೆ. ಮೊದಲ ಸುತ್ತಿನಲ್ಲಿ ನಟರು ನಟರನ್ನು, ನಿರ್ದೇಶಕರು ನಿರ್ದೇಶಕರನ್ನು ಹೀಗೆ ಆಯಾ ವರ್ಗದವರು ತಮ್ಮ ವರ್ಗದವರನ್ನು ಸೂಚಿಸುತ್ತಾರೆ. ಅತ್ಯುತ್ತಮ ಚಿತ್ರವನ್ನು ಮಾತ್ರ ಎಲ್ಲರೂ ಸೂಚಿಸಬಹುದು. ಕೊನೆಯ ಸುತ್ತಿನಲ್ಲಿ ಎಲ್ಲ ವಿಭಾಗಗಳಿಗೂ ಎಲ್ಲ ಸದಸ್ಯರ ಮತ ಸಲ್ಲುತ್ತದೆ.

ಎರಡನೆಯ ಸೂತ್ರ, ಅದೇ ಜನ ಬೇರೆಡೆ ಹೇಗೆ ಮತ ನೀಡಿದ್ದಾರೆಂದು ನೋಡುವುದು. ಹಳ್ಳಿಯ ಹಾಲಿನ ಸಹಕಾರ ಸಂಘದ ಚುನಾವಣೆ ನೋಡಿದವರು ಮುಂದಿನ ತಿಂಗಳ ಪತ್ತಿನ ಸಂಘದ ಚುನಾವಣೆಯನ್ನು ಊಹಿಸಬಲ್ಲರು, ಏಕೆಂದರೆ ಎರಡೂ ಕಡೆ ಬೆರಳೆತ್ತುವವರು ಬಹುಮಟ್ಟಿಗೆ ಅವರೇ. ಹಾಗೆಯೇ ಅಮೆರಿಕದಲ್ಲಿ ನಿರ್ದೇಶಕರ ಸಂಘ, ನಿರ್ಮಾಪಕರ ಸಂಘ, ನಟವರ್ಗದ ಸಂಘಗಳು ಆಸ್ಕರಿಗೆ ಮೊದಲೇ ತಮ್ಮ ಪ್ರಶಸ್ತಿಗಳನ್ನು ಸಾರುತ್ತವೆ. ಆ ಸಂಘಗಳ ಅನೇಕ ಸದಸ್ಯರು ಅಕಾಡೆಮಿಯಲ್ಲಿಯೂ ಇದ್ದಾರೆ. ನಿರ್ದೇಶಕರ ಸಂಘವು 1948ರಲ್ಲಿ ಪ್ರಶಸ್ತಿ ಕೊಡಲಾರಂಭಿಸಿದಂದಿನಿಂದ 2025ರ ತನಕ ಅದು ಆರಿಸಿದ ನಿರ್ದೇಶಕನಿಗೆ ಆಸ್ಕರ್ ತಪ್ಪಿದ್ದು ಎಂಟು ಸಲ ಮಾತ್ರ. ಮುಕ್ಕಾಲು ಶತಮಾನದಲ್ಲಿ ಎಂಟು ಸಲವೆಂದರೆ ಅದು ಜ್ಯೋತಿಷ್ಯವಲ್ಲ, ಅನುಭವದ ಗಣಿತ. ನಮ್ಮ ರಾಷ್ಟ್ರಪ್ರಶಸ್ತಿಗಳನ್ನು ಹೀಗೆ ಊಹಿಸುವುದು ಕಷ್ಟ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ಗಳಿಗೆ ಸ್ವರ್ಣಕಮಲ ತಂದುದು ಸಣ್ಣದೊಂದು ತೀರ್ಪುಗಾರ ಮಂಡಲಿ, ಅದರ ಚರ್ಚೆ ಮುಚ್ಚಿದ ಬಾಗಿಲ ಹಿಂದಿನದು.

ಮೂರನೆಯದು ಎಣಿಕೆಯ ರೀತಿ. ಇತರ ವಿಭಾಗಗಳಲ್ಲಿ ಹೆಚ್ಚು ಮತ ಪಡೆದವರು ಗೆದ್ದರು, ಅಷ್ಟೇ. ಅತ್ಯುತ್ತಮ ಚಿತ್ರಕ್ಕೆ ಮಾತ್ರ 2010ರ ಸಮಾರಂಭದಿಂದ ಪ್ರಾಶಸ್ತ್ಯ ಮತದ ಕ್ರಮವಿದೆ. ಸದಸ್ಯರು ಚಿತ್ರಗಳನ್ನು ಒಂದು, ಎರಡು, ಮೂರು ಎಂದು ಸಾಲುಗೊಳಿಸಬೇಕು. ಕರಿಹಲಗೆಯ ಮೇಲೆ ಬರೆಯುವ ಲೆಕ್ಕದಂತೆ ನೋಡೋಣ. ಮಲ್ಲಿಗೆ, ಸಂಪಿಗೆ, ಜಾಜಿ ಎಂಬ ಮೂರು ಚಿತ್ರಗಳು, ನೂರು ಮತದಾರರು ಎಂದಿಟ್ಟುಕೊಳ್ಳಿರಿ. ಮೊದಲ ಪ್ರಾಶಸ್ತ್ಯದಲ್ಲಿ ಸಂಪಿಗೆಗೆ 42, ಮಲ್ಲಿಗೆಗೆ 33, ಜಾಜಿಗೆ 25 ಬಂದವು. ಯಾರಿಗೂ ಅರ್ಧಕ್ಕೆ ಮೀರಿ ಬರಲಿಲ್ಲವಾದ್ದರಿಂದ ಕೊನೆಯ ಜಾಜಿಯನ್ನು ಕೈಬಿಟ್ಟು, ಅದರ 25 ಮತಪತ್ರಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಹಂಚಬೇಕು. ಅವುಗಳಲ್ಲಿ 19 ಮಲ್ಲಿಗೆಗೂ 6 ಸಂಪಿಗೆಗೂ ಸೇರಿದರೆ ಮಲ್ಲಿಗೆ 52, ಸಂಪಿಗೆ 48. ಮೊದಲು ಮುಂದಿದ್ದ ಸಂಪಿಗೆ ಸೋತಿತು. ಇದು ನಮಗೆ ತೀರ ಹೊಸದೇನಲ್ಲ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ. ವಿ. ಗಿರಿಯವರಿಗೂ ನೀಲಂ ಸಂಜೀವ ರೆಡ್ಡಿಯವರಿಗೂ ನಡೆದ ಸ್ಪರ್ಧೆ ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಾದ ಮೇಲೆಯೇ ಇತ್ಯರ್ಥವಾಯಿತು. ಅಲ್ಲಿ ಮೊದಲು ಮುಂದಿದ್ದ ಗಿರಿಯವರೇ ಕೊನೆಗೂ ಗೆದ್ದರು. ಆದ್ದರಿಂದ ಅತ್ಯುತ್ತಮ ಚಿತ್ರವನ್ನು ಊಹಿಸುವವರು, ಯಾವುದನ್ನು ಕೆಲವರು ಅತಿಯಾಗಿ ಪ್ರೀತಿಸುತ್ತಾರೆ ಎಂದಷ್ಟೇ ಕೇಳಿದರೆ ಸಾಲದು. ಯಾವುದನ್ನು ಬಹುಜನರು ಪಟ್ಟಿಯ ಮೇಲುಭಾಗದಲ್ಲಿ ಇರಿಸುತ್ತಾರೆ ಎಂದೂ ಕೇಳಬೇಕು.

ಇಷ್ಟೆಲ್ಲ ಸೂತ್ರಗಳಿದ್ದೂ ಪಂಡಿತರು ಎಡವಿದ ಇರುಳುಗಳುಂಟು. 2017ರಲ್ಲಿ ‘ಲಾ ಲಾ ಲ್ಯಾಂಡ್’ ಚಿತ್ರ ಹದಿನಾಲ್ಕು ನಾಮನಿರ್ದೇಶನಗಳನ್ನು ಪಡೆದು ಹಿಂದಿನ ದಾಖಲೆಯನ್ನು ಸರಿಗಟ್ಟಿತ್ತು. ಅದೇ ಗೆಲ್ಲುವುದೆಂದು ಬಹುಮಂದಿ ನಂಬಿದ್ದರು. ವೇದಿಕೆಗೆ ತಪ್ಪು ಲಕೋಟೆ ಬಂದುದರಿಂದ ಅದರ ಹೆಸರನ್ನೇ ಮೊದಲು ಓದಲಾಯಿತು. ಅದರ ನಿರ್ಮಾಪಕರು ಮಾತನಾಡುತ್ತಿರುವಾಗಲೇ ತಪ್ಪು ತಿಳಿದು, ಪ್ರಶಸ್ತಿ ‘ಮೂನ್‌ಲೈಟ್’ ಚಿತ್ರಕ್ಕೆ ಸಂದಿತು. 2020ರಲ್ಲಿ ನಿರ್ಮಾಪಕರ ಸಂಘವೂ ನಿರ್ದೇಶಕರ ಸಂಘವೂ ಇಂಗ್ಲಿಷಿನ ‘1917’ ಎಂಬ ಯುದ್ಧಚಿತ್ರವನ್ನು ಆರಿಸಿದ್ದವು. ಅಕಾಡೆಮಿಯಾದರೋ ಕೊರಿಯದ ‘ಪ್ಯಾರಸೈಟ್’ ಚಿತ್ರಕ್ಕೆ ಮಣೆ ಹಾಕಿತು. ಇಂಗ್ಲಿಷೇತರ ಭಾಷೆಯ ಚಿತ್ರವೊಂದು ಅತ್ಯುತ್ತಮ ಚಿತ್ರವೆನಿಸಿದ್ದು ಅದೇ ಮೊದಲು. 2021ರಲ್ಲಿ ಹಿಂದಿನ ವರ್ಷ ತೀರಿಕೊಂಡ ಯುವನಟ ಚಾಡ್ವಿಕ್ ಬೋಸ್‌ಮನ್ನರಿಗೆ ಪ್ರಶಸ್ತಿ ಖಚಿತವೆಂಬ ಭಾವನೆ ಎಲ್ಲೆಡೆ ಹಬ್ಬಿತ್ತು. ವಾಡಿಕೆಗೆ ವಿರುದ್ಧವಾಗಿ ನಾಯಕನಟನ ಪ್ರಶಸ್ತಿಯನ್ನು ಅಂದು ಎಲ್ಲಕ್ಕಿಂತ ಕೊನೆಗೆ ಇರಿಸಲಾಗಿತ್ತು. ಲಕೋಟೆಯೊಳಗೆ ಇದ್ದುದು ಎಂಬತ್ತಮೂರು ವರ್ಷದ ಆಂಟನಿ ಹಾಪ್ಕಿನ್ಸರ ಹೆಸರು. ಅವರು ಸಭೆಗೆ ಬಂದೇ ಇರಲಿಲ್ಲ. ಬ್ರಿಟನ್ನಿನ ಚಲಚ್ಚಿತ್ರ ಅಕಾಡೆಮಿ ಅದೇ ತಿಂಗಳು ಅವರನ್ನೇ ಆರಿಸಿತ್ತು. ಗುರುತು ಕಣ್ಣೆದುರಿಗೇ ಇತ್ತು. ಕನಿಕರದ ಭರದಲ್ಲಿ ಅದನ್ನು ಹೆಚ್ಚಿನವರು ಗಮನಿಸಲಿಲ್ಲ.

ಮೊದಲೆರಡು ಸೋಲುಗಳಿಗೆ ಇನ್ನೊಂದು ಕಾರಣವೂ ಇದೆ, ಅದು ನಮ್ಮಂಥವರು ಮನನ ಮಾಡತಕ್ಕದ್ದು. 2015 ಮತ್ತು 2016ರಲ್ಲಿ ಅಭಿನಯದ ನಾಲ್ಕು ವಿಭಾಗಗಳ ಇಪ್ಪತ್ತೂ ನಾಮನಿರ್ದೇಶನಗಳು ಬಿಳಿಯರಿಗೇ ಹೋದವು. ಆಗ ಎದ್ದ ಪ್ರತಿಭಟನೆಯಿಂದ ಅಕಾಡೆಮಿ ಎಚ್ಚೆತ್ತು, ಸ್ತ್ರೀಯರ ಹಾಗೂ ಬಿಳಿಯರಲ್ಲದವರ ಸಂಖ್ಯೆಯನ್ನು 2020ರೊಳಗೆ ಇಮ್ಮಡಿಸುವುದಾಗಿ ಸಾರಿ, ಹೊರದೇಶಗಳ ಕಲಾವಿದರನ್ನೂ ದೊಡ್ಡ ಸಂಖ್ಯೆಯಲ್ಲಿ ಸದಸ್ಯರನ್ನಾಗಿ ಸೇರಿಸಿಕೊಂಡಿತು. ಎಣಿಸಲ್ಪಡುವ ಕೈಗಳು ಬದಲಾದುವು. ಹಳೆಯ ಕೈಗಳನ್ನು ನೆಚ್ಚಿದ ಸೂತ್ರಗಳು ಸಡಿಲವಾದುವು. ನಿನ್ನೆಯ ತನಕ ಗೆಲ್ಲದಿದ್ದುದು ಯೋಗ್ಯತೆ ಸಾಲದೆ ಸೋತಿತೆಂದು ಹೇಳುವಂತಿಲ್ಲ. ಅದನ್ನು ಅರಿಯಬಲ್ಲವರು ಆ ಮನೆಯೊಳಗೆ ಇರದೆ ಹೋದದ್ದೂ ಕಾರಣವಾಗಿರಬಹುದು. ಪ್ರತಿಯೊಂದು ಎಣಿಕೆಯಲ್ಲಿಯೂ ಅಲ್ಪಸಂಖ್ಯೆಯವರಾಗಿಯೇ ಬಾಳುವ ಗಡಿನಾಡ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

2023ರ ಸಮಾರಂಭ ನಮ್ಮವರಿಗೆಲ್ಲ ನೆನಪಿದೆ. ತೆಲುಗಿನ ‘ನಾಟು ನಾಟು’ ಹಾಡಿಗೆ ಸಂಗೀತಗಾರ ಕೀರವಾಣಿ, ಕವಿ ಚಂದ್ರಬೋಸ್ ಆಸ್ಕರ್ ಪಡೆದರು. ಇದನ್ನು ಊಹಿಸುವುದು ಕಷ್ಟವಾಗಿರಲಿಲ್ಲ. ಜನವರಿಯಲ್ಲಿಯೇ ಗೋಲ್ಡನ್ ಗ್ಲೋಬ್ ಅದಕ್ಕೆ ದೊರೆತಿತ್ತು, ಹಾಡು ಲೋಕದ ಬಾಯಲ್ಲಿ ಕುಣಿಯುತ್ತಿತ್ತು. ಅದೇ ಇರುಳು ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಸುಮಾರು ನಲವತ್ತು ನಿಮಿಷಗಳ ಸಾಕ್ಷ್ಯಚಿತ್ರವೂ ಗೆದ್ದಿತು. ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶಿಸಿದ ಈ ಚಿತ್ರ ತೆಗೆದದ್ದು ನೀಲಗಿರಿಯ ಮುದುಮಲೆಯಲ್ಲಿ, ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ದಾರಿಯ ತೆಪ್ಪಕಾಡು ಆನೆ ಶಿಬಿರದಲ್ಲಿ. ತಬ್ಬಲಿ ಆನೆಮರಿಯನ್ನು ಸಾಕಿದ ಕಾಟ್ಟುನಾಯಕ ಬುಡಕಟ್ಟಿನ ದಂಪತಿಗಳ ಕಥೆ ಅದು. ನಮ್ಮ ನೀಲಗಿರಿಯ ವಾಚಕರು ಬಸ್ಸಿನ ಕಿಟಕಿಯಿಂದ ದಿನವೂ ಕಾಣುವ ಕಾಡು, ಕಾಣುವ ಜನ. ಕಿರುಚಿತ್ರಗಳ ವಿಭಾಗದಲ್ಲಿ ಸಂಘಗಳ ಮುನ್ಸೂಚನೆಗಳು ಅತಿ ವಿರಳ, ಆದುದರಿಂದ ಊಹೆಗಾರರು ಅಲ್ಲಿ ಕತ್ತಲಲ್ಲಿ ತಡವುವುದೇ ಹೆಚ್ಚು. ನಾವು ಕೇಳುವುದಿಷ್ಟೆ. ಲಕೋಟೆ ಒಡೆಯುವುದಕ್ಕೆ ಮೊದಲು ಆ ದಂಪತಿಗಳ ವಾತ್ಸಲ್ಯಕ್ಕೆ ಬೆಲೆಯಿರಲಿಲ್ಲವೆ? ಪಕ್ಕದ ಕಾಡಿನ ಕಥೆಯನ್ನು ನೋಡಲು ಲಾಸ್ ಏಂಜಲಿಸಿನ ಅಪ್ಪಣೆಗೆ ನಾವೇಕೆ ಕಾದು ಕುಳಿತೆವು?

ಊಹೆಯ ಅಪಾಯ ಇಲ್ಲಿದೆ. ಪರೀಕ್ಷೆ ಹತ್ತಿರ ಬಂದಾಗ ಕೆಲವು ವಿದ್ಯಾರ್ಥಿಗಳು ಪಾಠವನ್ನು ಬಿಟ್ಟು, ಯಾವ ಪ್ರಶ್ನೆ ಬಂದೀತು ಎಂಬುದನ್ನೇ ಜಪಿಸುವುದನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ಅವರಲ್ಲಿ ಕೆಲವರು ಒಳ್ಳೆಯ ಅಂಕಗಳನ್ನೂ ಪಡೆಯುತ್ತಾರೆ. ಆದರೆ ವರ್ಷ ಕಳೆದ ಮೇಲೆ ಆ ಪಾಠದಲ್ಲಿ ಅವರ ಪಾಲಿಗೆ ಉಳಿಯುವುದು ಏನೂ ಇಲ್ಲ. ಪರರ ಮನಸ್ಸನ್ನು ಓದುವುದು ಜಾಣತನ. ಅದೊಂದನ್ನೇ ಅಭ್ಯಾಸ ಮಾಡಿದವನಿಗೆ ತನ್ನ ಮನಸ್ಸು ಏನು ಹೇಳುತ್ತದೆಂಬುದು ಕ್ರಮೇಣ ಕೇಳಿಸದಾಗುತ್ತದೆ. ಚಿತ್ರವನ್ನು ನೋಡದೆಯೇ ಅದು ಗೆಲ್ಲುವುದೋ ಸೋಲುವುದೋ ಎಂದು ವಾದಿಸುವ ತರುಣರು ಇಂದು ಬಹುಮಂದಿ. ತರುಣರನ್ನಷ್ಟೇ ಏಕೆ ದೂರಬೇಕು? ಒಂದು ವಿಭಾಗದಲ್ಲಿ ಅಂತಿಮ ಮತ ನೀಡಬೇಕಾದರೆ ಆ ವಿಭಾಗದ ನಾಮನಿರ್ದೇಶಿತ ಚಿತ್ರಗಳನ್ನೆಲ್ಲ ನೋಡಿರಲೇಬೇಕೆಂದು ಸ್ವತಃ ಅಕಾಡೆಮಿಯೇ 2025ರಲ್ಲಿ ತನ್ನ ಸದಸ್ಯರಿಗೆ ನಿಯಮ ಮಾಡಬೇಕಾಯಿತು. ತೀರ್ಪು ಕೊಡುವವನು ಮೊದಲು ನೋಡಿರಬೇಕೆಂಬ ಮಾತನ್ನು ತೊಂಬತ್ತೇಳು ಸಮಾರಂಭಗಳು ಮುಗಿದ ಮೇಲೆ ಬರೆದಿಡಬೇಕಾದ ಕಾಲವಿದು.

ಆದುದರಿಂದ ತಂದೆತಾಯಿಗಳಿಗೆ ನಮ್ಮ ಸಲಹೆ ಹೀಗಿದೆ. ಮಕ್ಕಳ ಪಟ್ಟಿಯನ್ನು ಹರಿದೆಸೆಯಬೇಡಿ. ಅದಕ್ಕೆ ಇನ್ನೊಂದು ಗೀಟು ಎಳೆದುಕೊಡಿ. ಒಂದು ಕಾಲಂನಲ್ಲಿ ‘ಗೆಲ್ಲುವುದು’ ಎಂದೂ ಪಕ್ಕದಲ್ಲಿ ‘ಗೆಲ್ಲಬೇಕಾದದ್ದು’ ಎಂದೂ ಬರೆಯಿಸಿರಿ. ಮೊದಲನೆಯದಕ್ಕೆ ಆಧಾರ ಕೇಳಿರಿ: ಯಾವ ಸಂಘ ಯಾರನ್ನು ಆರಿಸಿತು, ಎಣಿಕೆಯ ಕ್ರಮವೇನು, ಹಿಂದೆ ಎಷ್ಟು ಸಲ ಹೀಗಾಗಿದೆ? ಎರಡನೆಯದಕ್ಕೆ ಕಾರಣ ಕೇಳಿರಿ: ಚಿತ್ರದಲ್ಲಿ ನಿನ್ನ ಮನಸ್ಸಿಗೆ ನಾಟಿದ್ದು ಯಾವುದು, ಏಕೆ? ನೋಡದ ಚಿತ್ರದ ಹೆಸರು ಎರಡನೆಯ ಕಾಲಂನಲ್ಲಿ ಬರಕೂಡದೆಂಬ ಕಟ್ಟಳೆಯಿರಲಿ. ಊಹೆಯ ಮೇಲೆ ಹಣ ಕಟ್ಟುವ ಚಟದ ನೆರಳೂ ಬೀಳದಿರಲಿ. ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಸೋಮವಾರ ಬೆಳಿಗ್ಗೆ ಎಲ್ಲರೆದುರು ಒಡೆಯಿರಿ.

ಮೊದಲನೆಯ ಕಾಲಂ ಸುಳ್ಳಾದರೆ ಮಗು ಲೆಕ್ಕವನ್ನು ತಿದ್ದಿಕೊಳ್ಳಲಿ. ಎರಡನೆಯ ಕಾಲಂ ಫಲಿತಾಂಶಕ್ಕೆ ವಿರುದ್ಧವಾಗಿದ್ದರೆ ತಿದ್ದುವ ಅಗತ್ಯವಿಲ್ಲ. ತಾನು ಮೆಚ್ಚಿದ್ದು ಸೋತ ಮೇಲೂ ಅದನ್ನು ಮೆಚ್ಚಿಕೊಂಡೇ ಇರುವ ಸ್ಥೈರ್ಯ ಮಕ್ಕಳಿಗೆ ಬೇಕು. ಸುತ್ತಲಿನ ಎಣಿಕೆ ಬೇರೆಯಾಗಿರುವ ಸೀಮೆಯಲ್ಲಿ ಮನೆಮಾತನ್ನು ಉಳಿಸಿಕೊಂಡು ಬಂದ ಮನೆತನಗಳಿಗೆ ಆ ಸ್ಥೈರ್ಯ ಹೊಸದಲ್ಲ. ಅದನ್ನು ಮುಂದಿನವರ ಕೈಗೆ ದಾಟಿಸಲು ಸಿನಿಮಾದ ಒಂದು ಲಕೋಟೆಯೂ ನೆಪವಾದರೆ ಒಳ್ಳೆಯದೇ.