ಗುರುತ್ವವನ್ನ ತಿದ್ದಲಿ, ಆದರೆ ಲೆಕ್ಕ ಕೊಡಲಿ

‘ಐನ್‌ಸ್ಟೈನ್ ತಪ್ಪು!’ ಅನ್ನೋ ಥಂಬ್‌ನೇಲ್ ಕಂಡರೆ ನಮ್ಮಲ್ಲಿ ಎರಡು ಗುಂಪು. ಒಂದು ತಕ್ಷಣ ಶೇರ್ ಮಾಡುತ್ತೆ, ಇನ್ನೊಂದು ‘ಬರೀ ಬುರುಡೆ’ ಅಂತ ಮುಂದೆ ಹೋಗುತ್ತೆ. ಎರಡೂ ಅವಸರದ ತೀರ್ಪು ಅಂತ ನಮ್ಮ ಅನಿಸಿಕೆ. ಗ್ಯಾಲಕ್ಸಿಗಳ ಕಾಂತಕ್ಷೇತ್ರದ ವಿಷಯವನ್ನೇ ನೋಡಿ.

ನಮ್ಮ ಆಕಾಶಗಂಗೆಯಲ್ಲಿ ಕೆಲವು ಮೈಕ್ರೋಗೌಸ್‌ನಷ್ಟು ಕಾಂತಕ್ಷೇತ್ರ ಇದೆ. ಭೂಮಿಯದರ ಸುಮಾರು ಲಕ್ಷದಲ್ಲಿ ಒಂದು ಪಾಲು, ಆದರೆ ಹರಡಿರೋದು ಸಾವಿರಾರು ಜ್ಯೋತಿರ್ವರ್ಷ. ತಿರುಗೋ ಗ್ಯಾಲಕ್ಸಿಯೇ ಡೈನಮೋ ಥರ ಇದನ್ನ ಬೆಳೆಸುತ್ತೆ ಅಂತ ಹೆಚ್ಚಿನ ವಿಜ್ಞಾನಿಗಳು ಹೇಳ್ತಾರೆ. ಸರಿ, ಆದರೆ ಲ್ಯಾಬ್‌ನ ಡಿಸಿ ಶಂಟ್ ಜನರೇಟರ್ ನೆನಪಿಸಿಕೊಳ್ಳಿ. ಪೋಲ್‌ಗಳಲ್ಲಿ ರೆಸಿಡ್ಯುಯಲ್ ಮ್ಯಾಗ್ನೆಟಿಸಂ ಇಲ್ಲದಿದ್ದರೆ ಎಷ್ಟು ತಿರುಗಿಸಿದರೂ ವೋಲ್ಟೇಜ್ ಏರಲ್ಲ. ಗ್ಯಾಲಕ್ಸಿಗೂ ಮೊದಲೊಂದು ಬೀಜ ಬೇಕು.

ಪ್ಲಾಸ್ಮಾದಲ್ಲೇ ಸಣ್ಣ ಬೀಜ ಹುಟ್ಟಬಹುದು ಅಂತ 1950ರಲ್ಲೇ ಬಿಯರ್ಮನ್ ತೋರಿಸಿದ್ದರು. ಆದರೆ 2010ರಲ್ಲಿ ಫರ್ಮಿ ದೂರದರ್ಶಕದ ಗಾಮಾ ಕಿರಣಗಳ ಮಾಹಿತಿ ಹಿಡಿದು ನೆರೊನೋವ್ ಮತ್ತು ವೋವ್ಕ್ ಒಂದು ಲೆಕ್ಕ ಕೊಟ್ಟರು: ಗ್ಯಾಲಕ್ಸಿಗಳ ನಡುವಿನ ಖಾಲಿ ಜಾಗದಲ್ಲೂ ಕನಿಷ್ಠ 10⁻¹⁶ ಗೌಸ್ ಆಸುಪಾಸಿನ ಕ್ಷೇತ್ರ ಇರಬೇಕು. ಅಲ್ಲಿ ಡೈನಮೋ ಎಲ್ಲಿಂದ ಬರಬೇಕು? ಹಾಗಾಗಿ ಕಣ್ಣು ವಿಶ್ವದ ಮೊದಲ ಕ್ಷಣಗಳ ಕಡೆ, ಅಂದರೆ ಇನ್‌ಫ್ಲೇಶನ್ ಕಡೆ ಹೋಗುತ್ತೆ.

ಇಲ್ಲೇ ತೊಡಕು. ಮ್ಯಾಕ್ಸ್‌ವೆಲ್ ಸಮೀಕರಣಗಳ ಪ್ರಕಾರ ವಿಶ್ವ ಎರಡು ಪಟ್ಟು ಹಿಗ್ಗಿದರೆ ಕಾಂತಕ್ಷೇತ್ರ ಕಾಲು ಭಾಗಕ್ಕೆ ಇಳಿಯುತ್ತೆ. ಇನ್‌ಫ್ಲೇಶನ್‌ನ ಅಗಾಧ ಹಿಗ್ಗುವಿಕೆಯಲ್ಲಿ ಬೀಜ ಇದ್ದರೂ ಇಲ್ಲದಂತೆಯೇ. ಅದಕ್ಕೇ 1988ರಲ್ಲಿ ಟರ್ನರ್ ಮತ್ತು ವಿಡ್ರೋ, ವಿದ್ಯುತ್ಕಾಂತ ಕ್ಷೇತ್ರವನ್ನ ದೇಶಕಾಲದ ಬಾಗುವಿಕೆಗೆ ನೇರವಾಗಿ ಜೋಡಿಸೋ ಹೊಸ ಟರ್ಮ್‌ಗಳನ್ನ ಸೇರಿಸಿ ನೋಡಿದರು. ಆಮೇಲೆ ಗುರುತ್ವದ ಸಿದ್ಧಾಂತವನ್ನೇ ತಿದ್ದಿ ಎಷ್ಟೋ ಮಾದರಿಗಳು ಬಂದವು. ಇದು ಹುಚ್ಚಾಟ ಅಲ್ಲ, ಹಳೆಯ ನಿಯಮ ಕೈಕೊಟ್ಟ ಜಾಗದಲ್ಲೇ ರಿಪೇರಿಗೆ ಇಳಿದಿದ್ದಾರೆ.

ಆದರೆ ರಿಪೇರಿಗೂ ಬಿಲ್ ಇದೆ. ಟರ್ನರ್–ವಿಡ್ರೋ ಮಾದರಿಯಲ್ಲಿ ಬಲವಾದ ಬೀಜ ಕೊಡೋ ಟರ್ಮ್ ಗೇಜ್ ಸಿಮೆಟ್ರಿಯನ್ನೇ ಮುರಿಯುತ್ತೆ, ಸಿಮೆಟ್ರಿ ಉಳಿಸೋ ಟರ್ಮ್ ಕೊಡೋ ಬೀಜ ತೀರಾ ದುರ್ಬಲ. ಬೇಕಾದ ಸಂಖ್ಯೆ ಬರೋವರೆಗೆ ನಾಬ್ ತಿರುಗಿಸ್ತಾ ಹೋಗೋದು ವಿಜ್ಞಾನ ಆಗಲ್ಲ ಅಲ್ವಾ? ತಿದ್ದಿದ ಗುರುತ್ವ ಬೇರೆಲ್ಲಾದರೂ, ಗುರುತ್ವ ಅಲೆಗಳಲ್ಲೋ ಸೌರವ್ಯೂಹದಲ್ಲೋ, ತನ್ನ ಗುರುತು ತೋರಿಸಬೇಕು, ಇಲ್ಲಾ ಬಿದ್ದುಹೋಗಬೇಕು.

ಆ ಪರೀಕ್ಷೆಗೆ ಬರೀ ಥಿಯರಿ ಸಾಲದು. ಕಾಂತಕ್ಷೇತ್ರದಲ್ಲಿ ಹಾದುಬರೋ ರೇಡಿಯೋ ಅಲೆಯ ಪೋಲರೈಸೇಶನ್ ತಿರುಗುತ್ತೆ, ಅದನ್ನ ಅಳೆಯೋಕೆ ಆಂಟೆನಾ, ರಿಸೀವರ್, ಸಿಗ್ನಲ್ ಪ್ರೊಸೆಸಿಂಗ್ ಬೇಕು. ಪುಣೆ ಹತ್ತಿರದ ಜಿಎಂಆರ್‌ಟಿಯ 30 ಡಿಶ್‌ಗಳು ಎಂಜಿನಿಯರ್‌ಗಳ ಕೈಕೆಲಸವೇ. ಹಾಗಾಗಿ ‘ಇದು ಸಿಲಬಸ್‌ನಲ್ಲಿಲ್ಲ’ ಅನ್ನೋ ಮಾತು ಬಿಡೋಣ. ಮುಂದಿನ ಸಲ ‘ಐನ್‌ಸ್ಟೈನ್ ತಪ್ಪು’ ಅಂತ ಯಾರಾದರೂ ಕಳಿಸಿದರೆ ನಗೋದೂ ಬೇಡ, ಫಾರ್ವರ್ಡ್ ಮಾಡೋದೂ ಬೇಡ. ‘ಯಾವ ಅಳತೆ ಬಂದರೆ ನಿಮ್ಮ ಸಿದ್ಧಾಂತ ಸೋಲುತ್ತೆ?’ ಅಂತ ಕೇಳೋಣ.